ಮಣ್ಣು ಹುರಿದ ಮಳೆಗಾಲ

ಹೋದ ಆಗಸ್ಟಿನಲ್ಲಿ ಸಂದರ್ಶನ ಸಮಿತಿಯೊಂದರ ಸದಸ್ಯಳಾಗಿ ದೆಹಲಿಗೆ ಹೋಗಿದ್ದೆ. ಮೇಜಿನ ಆ ಬದಿ ಕೂತು ಬೆವರಿದವಳಿಗೆ ಈ ಬದಿ ಕೂತು ಪ್ರಶ್ನೆ ಕೇಳುವುದು ಈಗಲೂ ಒಂದು ಸಣ್ಣ ಸಂಭ್ರಮವೇ. ಅದನ್ನು ಮುಚ್ಚಿಟ್ಟುಕೊಳ್ಳಬೇಕು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಕೆಲಸ ಮುಗಿದ ಸಂಜೆ ಮೆಟ್ರೋ ಹಿಡಿದು ಮುನಿರ್ಕಾದಲ್ಲಿ ಇಳಿದೆ. ನಾನಿದ್ದ ಕಾಲಕ್ಕೆ ಅಲ್ಲಿಗೆ ಮೆಟ್ರೋ ಬಂದಿರಲಿಲ್ಲ; ಬ್ಲೂಲೈನ್ ಬಸ್ಸುಗಳು ಅರ್ಧ ನಿಂತು ಅರ್ಧ ಓಡುತ್ತಲೇ ಜನರನ್ನು ಉದುರಿಸಿ ಹೋಗುತ್ತಿದ್ದವು. ಗಲ್ಲಿಗಳು ಮಾತ್ರ ಹಾಗೇ ಇದ್ದವು. ಎದುರುಬದುರು ಮನೆಗಳ ಬಾಲ್ಕನಿಗಳು ಹಣೆಗೆ ಹಣೆ ತಾಗುವಷ್ಟು ಹತ್ತಿರ, ನಡುವೆ ಕರೆಂಟು ತಂತಿಗಳ ಸಿಕ್ಕು, ಕೆಳಗೆ ಮೊಮೊ ಮಾರುವವರ ಹಬೆ. ಒಂದು ಮೂಲೆಯಲ್ಲಿ ಕಡಲೆ ಹುರಿಯುವವನು ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸುತ್ತಿದ್ದ. ಆಗಷ್ಟೇ ನಿಂತ ಮಳೆಯ ಹನಿಯೊಂದು ತಗಡಿನಿಂದ ಜಾರಿ ಆ ಮರಳಿಗೆ ಬಿದ್ದು ಚುಂಯ್ ಎಂದಿತು. ಕಾದ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಂ.ಎಸ್ಸಿ ಮುಗಿಸಿ ಬಂದ ಹುಡುಗಿಯಾಗಿಬಿಟ್ಟೆ.

ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ದೆಹಲಿಯನ್ನು ಉದ್ದಗಲ ಅಗೆದು ಹಾಕಿದ್ದ ದಿನಗಳವು. ಕೃಷಿ ಕೀಟಶಾಸ್ತ್ರ ಓದಿದ್ದ ನನಗೆ ಅಲ್ಲಿನ ಒಂದು ಸಂಶೋಧನಾ ಸಂಸ್ಥೆಯ ಯೋಜನೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ನಮ್ಮದು ಕುಷ್ಟಗಿ ಕಡೆಯ ಬಡಿಗೇರ ಮನೆತನ. ಅಪ್ಪ ಬಂಡಿಯ ಗಾಲಿ, ಕುಂಟೆ, ನೇಗಿಲು ಮಾಡುವವನು. ಅವನು ಓದಿದ್ದು ನಾಲ್ಕನೆಯ ಇಯತ್ತೆ; ಅವ್ವ ಶಾಲೆಯ ಹೊಸಿಲು ತುಳಿದವಳಲ್ಲ. ಘಟಿಕೋತ್ಸವದ ದಿನ ಅಪ್ಪ ನನ್ನ ನಿಲುವಂಗಿಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ನಮಗ ಉಳೀತೈತೋ ವಾಪಸ್ ಕೊಡಬೇಕೋ ಎಂದು ಕೇಳಿದ್ದ. ವಾಪಸ್ ಕೊಡಬೇಕು ಎಂದಾಗ, ಹೋಗ್ಲಿ ಬಿಡು, ಒಳಗಿರೋದನ್ನ ಯಾರೂ ಕಸಗೊಳ್ಳಾಂಗಿಲ್ಲ ಎಂದಿದ್ದ.

ದೆಹಲಿಯ ಆ ಕೆಲಸ ಏನು ಎಂದು ಅವನಿಗೆ ಫೋನಿನಲ್ಲಿ ತಿಳಿಸಿ ಹೇಳಿದ್ದೇ ನಾನು ಮಾಡಿದ ಮೊದಲ ಉಪನ್ಯಾಸ. ನಮ್ಮ ಹೊಲದ ಬದುಗಳಲ್ಲಿರುವ ಕರಿಜಾಲಿ ಹಿಂದೆ ಯಾವಾಗಲೋ ಇಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋಯಿತು. ಕುರಿಗಳಿಗೆ ನೆರಳಾಗುತ್ತದೆ, ಕಾಯಿ ಮೇವಾಗುತ್ತದೆ ಎಂದು ಅವರೇ ಪ್ರೀತಿಯಿಂದ ನೆಟ್ಟರು. ಇಲ್ಲಿ ಆ ಮರದ ಎಲೆ ತಿನ್ನುವ ಹುಳ ಬೇರೆ, ಕಾಯಿ ಕೊರೆಯುವ ಹುಳ ಬೇರೆ, ತೊಗಟೆ ಹೀರುವುದು ಬೇರೆ. ಎಲ್ಲ ಸೇರಿ ಅದನ್ನು ಅದರ ಅಳತೆಯಲ್ಲಿ ಇಟ್ಟಿರುತ್ತವೆ. ಅಲ್ಲಿ ಈ ಶತ್ರುಗಳಿರಲಿಲ್ಲ. ಜಾಲಿ ಹುಲ್ಲುಗಾವಲುಗಳನ್ನು ನುಂಗುತ್ತ ಹೋಯಿತು. ದನಗಳು ನೀರಿನ ಹತ್ತಿರ ಹೋಗಲಾರದಷ್ಟು ಮುಳ್ಳಿನ ಕಾಡಾಯಿತು. ಈಗ ಅಲ್ಲಿನ ವಿಜ್ಞಾನಿಗಳು ಅದರ ಹಳೆಯ ಶತ್ರುಗಳನ್ನು ಹುಡುಕಿಕೊಂಡು ಇಲ್ಲಿಗೆ ಬರುತ್ತಿದ್ದಾರೆ. ಅವರ ಪರವಾಗಿ ದೆಹಲಿಯ ಸುತ್ತ ಹುಡುಕುವವಳು ನಾನು.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. "ಅಲ್ಲ ಯವ್ವಾ, ಜಾಲಿ ತಿನ್ನೋ ಹುಳಾ ಹುಡುಕಾಕ ನಿನಗ ಪಗಾರ ಕೊಡತಾರಾ?"

"ಹೂಂನಪ್ಪ."

"ಹಂಗಾದ್ರ ನಮ್ಮ ಅಟ್ಟದ ಮ್ಯಾಲಿನ ಕಟಿಗಿಗೆ ಹತ್ತಿದ್ದನ್ನೂ ಒಯ್ಯಿ. ಪುಕ್ಕಟೆ ಕೊಡತೀನಿ."

ನಮ್ಮ ಯೋಜನೆಯ ಮುಖ್ಯಸ್ಥೆ ಸೇಠಿ ಮ್ಯಾಡಂ. ನಿವೃತ್ತಿಗೆ ಹತ್ತಿರವಾಗಿದ್ದ ಕುಳ್ಳನೆಯ ಪಂಜಾಬಿ ಹೆಂಗಸು. ನೂಲಿನ ಸೀರೆಯ ಕೆಳಗೆ ಓಟದ ಬೂಟು ಹಾಕುತ್ತಿದ್ದರು. ಮೊದಲ ದಿನವೇ ನನಗೆ ಒಂದು ಮಾತು ಹೇಳಿದರು. ಯಾವ ಹುಳ ಸಿಕ್ಕರೂ ಅದರ ವಕಾಲತ್ತು ವಹಿಸಬೇಡ, ಪೊಲೀಸಾಗು. ಅದು ಕಳ್ಳ ಎಂದೇ ತಿಳಿದು ಬೆನ್ನು ಹತ್ತು. ಜಾಲಿಯನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ ಎಂದು ನಿನ್ನ ಕೈಯಲ್ಲೇ ಸಾಬೀತಾದರೆ ಆಗ ಕಳಿಸೋಣ. ಒಂದು ಸಲ ಅಲ್ಲಿ ಬಿಟ್ಟ ಹುಳವನ್ನು ವಾಪಸ್ ಕರೆಯಲು ಯಾರಿಂದಲೂ ಆಗುವುದಿಲ್ಲ.

ನನ್ನ ಜೊತೆಗೆ ಅದೇ ಪ್ರಯೋಗಾಲಯದಲ್ಲಿ ಪಿಎಚ್.ಡಿ ಮಾಡುತ್ತಿದ್ದ ದಾವಣಗೆರೆಯ ಇಮ್ತಿಯಾಜ್ ಇದ್ದ. ಆ ಕಟ್ಟಡದಲ್ಲಿ ಕನ್ನಡ ಮಾತಾಡಲು ನಮಗೆ ನಾವಿಬ್ಬರೇ. ಬೇಸಗೆ ಪೂರ್ತಿ ನಾವು ಹುಡುಕಿದೆವು. ಓಖ್ಲಾದ ಯಮುನೆಯ ದಡ, ನಜಫ್‌ಗಢದ ಕಾಲುವೆ, ಗುಡಗಾಂವ್ ಆಚೆಯ ಗುಡ್ಡಗಳು. ಜಾಲಿಗೆ ಅಲ್ಲಿ ಕಿಕರ್ ಎನ್ನುತ್ತಾರೆ; ಕಿಕರ್ ಎಲ್ಲಿದೆ ಎಂದು ಆಟೋದವರನ್ನು ಕೇಳಿದರೆ ಅವರು ಕರೆದುಕೊಂಡು ಹೋಗುತ್ತಿದ್ದದ್ದು ವಿಲಾಯತಿ ಕಿಕರ್ ಬಳಿಗೆ, ಅಂದರೆ ನಮ್ಮ ಬಳ್ಳಾರಿ ಜಾಲಿ. ಅದು ಹೊರಗಿನಿಂದ ಬಂದು ದೆಹಲಿಯ ಗುಡ್ಡವನ್ನೆಲ್ಲ ತುಂಬಿಬಿಟ್ಟಿತ್ತು. ಅದರ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ನಮ್ಮ ಕರಿಜಾಲಿ ನಿಂತಿರುತ್ತಿತ್ತು. ಇಲ್ಲಿ ಸೋತ ಮರ ಸಮುದ್ರದಾಚೆ ಗೆದ್ದಿದೆ ಎಂದು ಯೋಚಿಸಿದರೆ ನನಗೆ ಅದರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಅಪ್ಪನ ಗಾಲಿಗಳೆಲ್ಲ ಅದೇ ಕಟ್ಟಿಗೆಯವು. ನಾನು ಓದಿದ್ದು ಆ ಗಾಲಿಗಳ ಮೇಲೆ.

ಹುಳ ಹಿಡಿಯುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ಕೊಂಬೆಯ ಕೆಳಗೆ ಕೊಡೆಯನ್ನು ತಲೆಕೆಳಗಾಗಿ ಹಿಡಿದು, ಮೇಲಿನಿಂದ ಕೋಲಿನಲ್ಲಿ ಬಡಿದರೆ ಹುಳಗಳು ಕೊಡೆಯೊಳಗೆ ಉದುರುತ್ತವೆ. ಮಳೆಗಾಲ ಹಿಡಿದ ಮೇಲೆ ನಾವು ನೋಡಲು ತಮಾಷೆಯಾಗಿಬಿಟ್ಟೆವು. ಎಲ್ಲರೂ ಕೊಡೆಯ ಕೆಳಗೆ ನಿಂತಿದ್ದರೆ ನಾವಿಬ್ಬರು ಕೊಡೆಯ ಮೇಲೆ ಬಗ್ಗಿ ನೆನೆಯುತ್ತಿದ್ದೆವು. ಬೆಳಗಿನ ವಾಕಿಂಗ್ ಬರುವ ಹಿರಿಯರೊಬ್ಬರು ದಿನಾ ನಿಂತು ನೋಡುತ್ತಿದ್ದವರು ಕೊನೆಗೊಮ್ಮೆ ತಡೆಯಲಾರದೆ, "ಬೇಟಾ, ಛಾತಾ ಉಲ್ಟಾ ಹೈ" ಎಂದರು. ಇಮ್ತಿಯಾಜ್ ಗಂಭೀರವಾಗಿ ಕೈಮುಗಿದು ಅಚ್ಛಾ ಅಂಕಲ್, ಥ್ಯಾಂಕ್ಯೂ ಎಂದ.

ಜುಲೈಯ ಮೊದಲ ದೊಡ್ಡ ಮಳೆಯ ಮಾರನೆಯ ಬೆಳಗ್ಗೆ ಆ ಹುಳ ನನ್ನ ಕೊಡೆಗೆ ಬಿತ್ತು. ಮೂತಿ ಹುಳು, ಜೋಳದ ಕಾಳಿಗಿಂತ ಚಿಕ್ಕದು, ಬೂದಿ ಬಣ್ಣ, ಬೆನ್ನ ಮೇಲೆ ಮಸುಕು ಗೀರು. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದಿರುತ್ತಿತ್ತು. ಬಿಟ್ಟು ಸುಮ್ಮನಿದ್ದರೆ ಎದ್ದು ಏನೂ ಆಗಿಲ್ಲವೆನ್ನುವ ಹಾಗೆ ನಡೆಯುತ್ತಿತ್ತು. ಕರಿಜಾಲಿಯ ಎಳೆ ಚಿಗುರನ್ನು ಅಂಚಿನಿಂದ ಗರಗಸದಂತೆ ಕೊಯ್ದು ತಿನ್ನುತ್ತಿತ್ತು. ಪಕ್ಕದಲ್ಲೇ ತಾಗಿಕೊಂಡಿದ್ದ ಬಳ್ಳಾರಿ ಜಾಲಿಯನ್ನು ಬಡಿದೆ, ಒಂದೂ ಇಲ್ಲ. ಬೇವು, ಬೋರೆ ಬಡಿದೆ, ಇಲ್ಲ. ಮತ್ತೆ ಕರಿಜಾಲಿ ಬಡಿದೆ. ಕೊಡೆಯ ತುಂಬ ಉದುರಿದವು. ಮೈಯೆಲ್ಲ ತೊಯ್ದಿದ್ದರೂ ಬೆನ್ನಲ್ಲಿ ಬಿಸಿ ಹರಿದ ಹಾಗಾಯಿತು.

ಮ್ಯಾಡಂ ಪಟಗಳನ್ನು ಆಸ್ಟ್ರೇಲಿಯಾದ ಡಾಕ್ಟರ್ ಕೆವಿನ್‌ಗೆ ಕಳಿಸಿದರು. ಅವರೇ ಆ ಕಡೆಯಿಂದ ಈ ಯೋಜನೆ ನೋಡಿಕೊಳ್ಳುತ್ತಿದ್ದವರು. ಉತ್ತರ ಕೂಡಲೇ ಬಂತು. ಈ ಹುಳ ಪರೀಕ್ಷೆಗಳಲ್ಲಿ ಗೆದ್ದರೆ ಅಕ್ಟೋಬರಿನಲ್ಲಿ ತಾವೇ ಬಂದು ನೋಡುತ್ತೇವೆ. ಆಮೇಲೆ ಅದನ್ನು ಸಾಕಿ ಬಲ್ಲ ಒಬ್ಬರ ಜೊತೆ ತಮ್ಮಲ್ಲಿಯ, ಹುಳ ಹೊರಬೀಳದಂತೆ ಮುಚ್ಚಿದ ಪರೀಕ್ಷಾಮನೆಗೆ ಕರೆಸಿಕೊಳ್ಳುತ್ತೇವೆ. ಆ ಒಬ್ಬರು ರೇಣುಕಾ, ಅಂದರೆ ನಾನು, ಆಗಬಹುದು, ಅಲ್ಲೇ ಉಳಿದು ಡಾಕ್ಟರೇಟೂ ಮಾಡಬಹುದು ಎಂದು ಬರೆದಿದ್ದರು. ಹುಳ ಸೋತರೆ ಹಣ ನಿಲ್ಲುತ್ತದೆ, ಮಾರ್ಚಿಗೆ ಯೋಜನೆ ಮುಗಿಯುತ್ತದೆ ಎನ್ನುವುದನ್ನು ಬರೆಯಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾನು ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಊರಿಗೆ ಹೇಳಿದ. ಮಗಳು ಹುಳದ ಜೊತೆ ವಿಮಾನ ಹತ್ತುತ್ತಾಳೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಸುದ್ದಿಯಾಯಿತು.

ಪರೀಕ್ಷೆ ಅಂದರೆ ಹೀಗೆ. ಆಸ್ಟ್ರೇಲಿಯಾದಲ್ಲಿ ಜಾಲಿಯ ದಾಯಾದಿಗಳಿವೆ. ಅವರ ಸ್ವಂತ ಮರಗಳು, ಅವರಿಗೆ ನಮ್ಮ ಬನ್ನಿಯಷ್ಟು ಬೇಕಾದವು. ನಮ್ಮ ಹುಳ ಅವನ್ನು ಮುಟ್ಟಬಾರದು. ಅವುಗಳ ಬೀಜ ಪರವಾನಗಿಯೊಂದಿಗೆ ಮೊದಲೇ ಬಂದಿದ್ದವು. ಬೀಜದ ಮೇಲೆ ಕುದಿಯುವ ನೀರು ಹೊಯ್ದರೆ ಮಾತ್ರ ಮೊಳಕೆ ಒಡೆಯುವಂಥ ಮೊಂಡ ಗಿಡಗಳು. ದೆಹಲಿಯ ಮೇ ತಿಂಗಳನ್ನು ಅವು ದಾಟುವುದೇ ಒಂದು ಪವಾಡವಾಗಿತ್ತು. ಹಸಿ ಗೋಣಿಚೀಲ ಕಟ್ಟಿ, ನೆರಳು ಸರಿಸಿ ಸರಿಸಿ ಬೆಳೆಸಿದ್ದೆ. ಮೊದಲು ಬರುವುದು ಜಾಲಿಯಂಥದೇ ಗರಿ ಎಲೆ, ಆಮೇಲೆ ಅಗಲ ಎಲೆ. ಹೋಲಿಕೆಗೆಂದು ಕೆಲವು ಕುಂಡಗಳನ್ನು ಹಾಗೇ ಉಳಿಸಿ, ಮಿಕ್ಕವುಗಳ ಮೇಲೆ ಬಲೆ ಕಟ್ಟಿ ಒಳಗೆ ಮೂತಿ ಹುಳುಗಳನ್ನು ಬಿಟ್ಟೆ. ತಿಂದರೆ ಅದನ್ನೇ ತಿನ್ನಬೇಕು, ಇಲ್ಲವಾದರೆ ಉಪವಾಸ.

ಅವು ಉಪವಾಸ ಬಿದ್ದವು. ಎಲೆಯ ಮೇಲೆ ನಡೆದವು, ಮೂಸಿದವು, ಬಲೆಗೆ ಹತ್ತಿ ಕೂತವು. ಒಂದು ಎಲೆಗೂ ಬಾಯಿ ಹಾಕಲಿಲ್ಲ. ಒಂದೊಂದಾಗಿ ಸತ್ತವು.

"ನಿನ್ನ ಹುಳ ರೋಜಾ ಹಿಡಿದುಬಿಟ್ಟಿದೆ ಕಣೇ," ಎಂದ ಇಮ್ತಿಯಾಜ್. "ಪಾಪ, ಇಫ್ತಾರ್ ಇಲ್ಲ ಅಂತ ಯಾರೂ ಹೇಳಿಲ್ಲ ಅದಕ್ಕೆ."

ಮ್ಯಾಡಂ ಜಿಲೇಬಿ ತರಿಸಿದರು. ಅವರ ಸರ್ವಿಸಿನಲ್ಲೇ ಇಷ್ಟು ಹಟಮಾರಿ ಹುಳ ಕಂಡಿಲ್ಲ ಎಂದರು. ಆ ವಾರ ನಾನು ಮುನಿರ್ಕಾದಿಂದ ಸಂಸ್ಥೆಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನಗುತ್ತ ನಿಂತಿರುತ್ತಿದ್ದೆ.

ಪರೀಕ್ಷೆ ಮುಗಿದ ಕುಂಡಗಳನ್ನು ಎಸೆಯಲು ಮನಸ್ಸಾಗಲಿಲ್ಲ. ಕಷ್ಟಪಟ್ಟು ಬೆಳೆಸಿದ ಗಿಡಗಳು. ಗೋಡೆಯ ಪಕ್ಕ ಸಾಲಾಗಿ ಇಟ್ಟು ನೀರು ಹಾಕುತ್ತಿದ್ದೆ. ಸೆಪ್ಟೆಂಬರ್ ಬಂತು. ಒಂದು ಬೆಳಗ್ಗೆ ಸಾಲಿನ ಒಂದು ಗಿಡ ಹಳದಿಯಾಗಿತ್ತು. ನೀರು ಹೆಚ್ಚಾಗಿರಬೇಕು ಎಂದುಕೊಂಡೆ. ಕೆಲವು ದಿನಗಳಲ್ಲಿ ಪಕ್ಕದವೂ ಹಳದಿಯಾದವು. ಬುಡ ಹಿಡಿದು ಮೆಲ್ಲಗೆ ಎತ್ತಿದೆ. ಅದು ಹಾಲುಹಲ್ಲಿನ ಹಾಗೆ ಸಲೀಸಾಗಿ ಕೈಗೆ ಬಂತು. ಬೇರಿನ ತೊಗಟೆಯನ್ನು ಯಾರೋ ಕೆರೆದು ತಿಂದಿದ್ದರು. ಮಣ್ಣನ್ನು ಹಳೆಯ ಪೇಪರಿನ ಮೇಲೆ ಸುರಿದು ಕೆದಕಿದೆ. ಅಕ್ಕಿ ಕಾಳಿನಂಥ, ಕಾಲಿಲ್ಲದ, ಬಾಗಿದ ಬಿಳಿ ಮರಿಹುಳ, ತಲೆ ಮಾತ್ರ ಕಂದು.

ಮೂತಿ ಹುಳು ಬಿಡದೇ ಇದ್ದ ಕುಂಡಗಳ ಗಿಡಗಳು ಹಸಿರಾಗಿ ನಿಂತಿದ್ದವು. ನಾನು ಅಲ್ಲೇ ಇಟ್ಟಿಗೆಯ ಮೇಲೆ ಕೂತೆ. ಹೆಣ್ಣು ಹುಳುಗಳು ಸಾಯುವ ಮೊದಲು ಮಣ್ಣಿನಲ್ಲಿ ಮೊಟ್ಟೆ ಇಟ್ಟಿದ್ದವು. ನಾವೆಲ್ಲರೂ ಎಲೆ ನೋಡುತ್ತಿದ್ದೆವು. ತಾಯಿ ಉಪವಾಸ ಸತ್ತಿದ್ದಳು. ಮಕ್ಕಳು ನೆಲದೊಳಗೆ ಕೂತು ಉಣ್ಣುತ್ತಿದ್ದವು.

ಆ ಮಧ್ಯಾಹ್ನವೇ ಇಮ್ತಿಯಾಜ್‌ಗೂ ಮ್ಯಾಡಂಗೂ ತೋರಿಸಿದೆ. ಇಮ್ತಿಯಾಜ್‌ನ ಮುಖ ಇಳಿಯಿತು. ಈ ಮಣ್ಣು ನಾವು ಗುಡ್ಡದಿಂದ ತಂದದ್ದು, ಈ ಮರಿಗಳು ಅದರಲ್ಲಿ ಮೊದಲೇ ಇದ್ದಿರಬಹುದು, ಯಾವ ಹುಳದ ಮರಿ ಎಂದು ಮುಖ ನೋಡಿ ಹೇಳಲು ಬರುತ್ತದೆಯೇ ಎಂದು ವಾದಿಸಿದ. ವಾದ ತಪ್ಪಾಗಿರಲಿಲ್ಲ. ಮ್ಯಾಡಂ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ನೀನು ತಂದಿರೋದು ಅನುಮಾನ. ಅನುಮಾನವನ್ನು ಕೆವಿನ್ ಮುಂದೆ ಇಡೋಕಾಗಲ್ಲ. ಉತ್ತರ ತಾ."

ಉತ್ತರ ಬೇಕಾದರೆ ಜೀವವೇ ಇಲ್ಲದ ಮಣ್ಣು ಬೇಕು. ಅದರಲ್ಲಿ ಹೊಸ ಗಿಡ ನೆಟ್ಟು, ಮೊಟ್ಟೆಯಿಂದ ಆಗಷ್ಟೇ ಹೊರಬಂದ ನಮ್ಮದೇ ಮರಿಗಳನ್ನು ಬಿಟ್ಟು ನೋಡಬೇಕು. ಮಣ್ಣನ್ನು ಹಬೆಯಲ್ಲಿ ಬೇಯಿಸುವ ಯಂತ್ರ ನಮ್ಮಲ್ಲಿ ಕೆಟ್ಟು ಕೂತಿತ್ತು. ರಿಪೇರಿಯ ಫೈಲು ಯಾವ ಮೇಜಿನ ಮೇಲಿದೆಯೆಂದು ಕೇಳಿದರೆ ಪ್ರತಿ ಮೇಜಿನವರೂ ಪಕ್ಕದ ಮೇಜು ತೋರಿಸುತ್ತಿದ್ದರು. ಕೆವಿನ್ ಬರುವ ದಿನ ಹತ್ತಿರವಾಗುತ್ತಿತ್ತು.

ನಮ್ಮ ಗಲ್ಲಿಯ ಮೂಲೆಯಲ್ಲಿ ಕಡಲೆ ಹುರಿಯುವ ಭಯ್ಯಾ ಮಂಗಳವಾರ ಅಂಗಡಿ ತೆರೆಯುತ್ತಿರಲಿಲ್ಲ, ಹನುಮಾನ್ ಮಂದಿರಕ್ಕೆ ಹೋಗುತ್ತಿದ್ದ. ಮಂಗಳವಾರದ ಮಟ್ಟಿಗೆ ನಿನ್ನ ಬಾಣಲೆ ಕೊಡು ಎಂದು ಕೇಳಿದೆ. ಏನು ಹುರಿಯುತ್ತೀ ಎಂದ. ಮಿಟ್ಟಿ ಎಂದೆ. ಅವನು ನನ್ನನ್ನೇ ನೋಡಿ, ನಾನೂ ಮೂವತ್ತು ವರ್ಷದಿಂದ ಮರಳೇ ಹುರಿಯುತ್ತಿದ್ದೇನೆ, ಆದರೆ ಒಳಗೆ ಕಡಲೆ ಹಾಕುತ್ತೇನೆ ಎಂದ. ಬಾಣಲೆ ಮಾತ್ರ ಕೊಟ್ಟ.

ನಾನು ಬಾಡಿಗೆಗಿದ್ದ ಮನೆಯ ಛಾವಣಿಯ ಮೇಲೆ ಮಾಲಕಿ ಬಿಮಲಾ ಆಂಟಿಯ ಹಳೆಯ ಇದ್ದಿಲ ಒಲೆ ಇತ್ತು. ಅದನ್ನು ಹೊತ್ತಿಸಿ, ಮಣ್ಣು ಜರಡಿ ಹಿಡಿದು, ರವೆ ಹುರಿದ ಹಾಗೆ ಹುರಿಯತೊಡಗಿದೆ. ಒಂದು ಬಾಣಲೆ ಮುಗಿದು ಇನ್ನೊಂದು ಹಾಕುವಷ್ಟರಲ್ಲಿ ವಾಸನೆ ಹಿಡಿದು ಆಂಟಿ ಹತ್ತಿ ಬಂದರು. ಹರಿಯಾಣದ ಜಾಟ್ ಹೆಂಗಸು, ಸೊಂಟದ ಮೇಲೆ ಕೈಯಿಟ್ಟು ನಿಂತರೆ ನಾಲ್ಕು ಮನೆಯವರು ಬಾಲ್ಕನಿಗೆ ಬರುತ್ತಿದ್ದರು.

"ಏನು ಬೇಟಾ ಇದು?"

"ಮಿಟ್ಟಿ, ಆಂಟಿ. ಆಫೀಸಿನ ಕೆಲಸಕ್ಕೆ."

ಆಂಟಿ ನನ್ನ ಮುಖ ನೋಡಿದರು. ಬಾಣಲೆ ನೋಡಿದರು. ಆಮೇಲೆ ನನ್ನ ಹೊಟ್ಟೆ ನೋಡಿದರು. ಅವರ ಕಡೆ ಹುರಿದ ಮಣ್ಣಿನ ಬಯಕೆ ಯಾರಿಗಾಗುತ್ತದೆ ಎನ್ನುವುದು ನನಗೆ ಹೊಳೆಯುವ ಮೊದಲೇ ಅವರು ಹತ್ತಿರ ಬಂದು ಧ್ವನಿ ತಗ್ಗಿಸಿ ಕೇಳಿದರು: "ಸಚ್ ಬತಾ. ಹುಡುಗ ಯಾರು?"

ಅದೇ ಹೊತ್ತಿಗೆ ಇಮ್ತಿಯಾಜ್ ಹೆಗಲ ಮೇಲೆ ಇನ್ನೊಂದು ಚೀಲ ಮಣ್ಣು ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಇಷ್ಟು ಸಾಕೇನೇ, ಇನ್ನೂ ಬೇಕಾ ಎಂದು ಕನ್ನಡದಲ್ಲಿ ಕೇಳಿದ. ಆಂಟಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು "ಅಚ್ಛಾ" ಎಂದರು. ಅಷ್ಟೇ ಅಂದದ್ದು. ಆದರೆ ಆ ಒಂದು ಮಾತಿನಲ್ಲಿ ಪಂಚಾಯಿತಿ ಸೇರಿ ತೀರ್ಪೂ ಆಗಿಹೋಗಿತ್ತು.

ಬಾಟಲಿಯಲ್ಲಿ ಹಾಕಿ ಕೋಣೆಯಲ್ಲಿಟ್ಟಿದ್ದ ಮರಿಹುಳಗಳನ್ನು ತಂದು ತೋರಿಸಿ, ಮರ, ಬೇರು, ಆಸ್ಟ್ರೇಲಿಯಾ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಬಾಣಲೆ ಹೊಗೆಯಾಡುತ್ತಿತ್ತು. ಆಂಟಿಗೆ ಎಷ್ಟು ನಂಬಿಕೆ ಬಂತೋ ಗೊತ್ತಿಲ್ಲ. ಸಂಜೆಯವರೆಗೂ ಅಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತರು. ನಡುವೆ ಇಬ್ಬರಿಗೂ ಚಹಾ ಮಾಡಿಸಿ ತಂದರು. ಇಮ್ತಿಯಾಜ್‌ಗೆ ಕೊಡುವಾಗ ಮಾತ್ರ ಅವನ ತಂದೆ ಏನು ಮಾಡುತ್ತಾರೆಂದು ವಿಚಾರಿಸಿದರು.

ಹುರಿದ ಮಣ್ಣು ತಣಿಸಿ, ಕುಂಡ ತುಂಬಿ, ಉಳಿದಿದ್ದ ಗಿಡಗಳ ಬೇರು ತೊಳೆದು ನೆಟ್ಟೆ. ಡಬ್ಬಿಗಳಲ್ಲಿ ಸಾಕಿದ್ದ ಹುಳುಗಳ ಮೊಟ್ಟೆಯಿಂದ ಬಂದ ಮರಿಗಳನ್ನು ಮೆತ್ತನೆಯ ಕುಂಚದ ತುದಿಯಲ್ಲಿ ಎತ್ತಿ ಅರ್ಧ ಕುಂಡಗಳ ಬುಡಕ್ಕೆ ಬಿಟ್ಟೆ. ಇನ್ನರ್ಧಕ್ಕೆ ಏನೂ ಬಿಡಲಿಲ್ಲ. ಆಮೇಲೆ ಕಾಯುವುದು. ಮಳೆ ಹಿಂದೆ ಸರಿಯಿತು. ಬೆಳಗಿನ ಗಾಳಿಗೆ ಸಣ್ಣ ಚಳಿ ಬಂತು, ರಾಮಲೀಲಾದ ಚಪ್ಪರಗಳು ಎದ್ದವು. ನಾನು ದಿನಾ ಆ ಗಿಡಗಳ ಮುಂದೆ ನಿಲ್ಲುತ್ತಿದ್ದೆ. ಎರಡು ಆಸೆಗಳು ಒಳಗೆ ಕಿತ್ತಾಡುತ್ತಿದ್ದವು. ಹಸಿರಾಗಿ ಉಳಿದರೆ ನಾನು ವಿಮಾನ ಹತ್ತುತ್ತೇನೆ. ಹಳದಿಯಾದರೆ ನನ್ನ ಅನುಮಾನ ನಿಜ.

ಹಳದಿಯಾದವು. ಮರಿ ಬಿಟ್ಟ ಕುಂಡಗಳಷ್ಟೇ.

ಆ ದಿನಗಳಲ್ಲಿ ನನಗೆ ಪದೇಪದೇ ಅಪ್ಪನ ಗಾಲಿಗಳು ನೆನಪಾಗುತ್ತಿದ್ದವು. ಹಸಿ ಕಟ್ಟಿಗೆಯಲ್ಲಿ ಗಾಲಿ ಮಾಡಿದರೆ ಬೇಸಗೆಗೆ ಸೀಳುತ್ತದೆ ಎಂದು ಅಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಊರಿನ ಧಣಿ ಬಂದು ಹಬ್ಬದೊಳಗೆ ಬಂಡಿ ಆಗಬೇಕು ಎಂದರೆ, "ಆಗಲ್ರಿ ಧಣಿ" ಎನ್ನುತ್ತಿದ್ದ. ಗಾಲಿ ಸೀಳಿದಾಗ ಬೈಸಿಕೊಳ್ಳುತ್ತಿದ್ದವನೂ ಅವನೇ. ಗೊತ್ತಿರುವುದು ಬೇರೆ, ಗೊತ್ತಿದೆಯೆಂದು ಬೇಡ ಎನ್ನುವುದು ಬೇರೆ. ನಮ್ಮ ಮನೆತನದಲ್ಲಿ ಮೊದಲನೆಯದಕ್ಕೆ ಯಾವತ್ತೂ ಕೊರತೆ ಇರಲಿಲ್ಲ. ಎರಡನೆಯದಕ್ಕೆ ಒಂದು ಪದವಿ ಬೇಕಾಗಿತ್ತು. ಅದು ಈಗ ನನ್ನ ಹತ್ತಿರ ಇತ್ತು.

ಕೆವಿನ್ ಬಂದರು. ಎತ್ತರದ ಮನುಷ್ಯ, ಬಿಸಿಲಿಗೆ ಕೆಂಪಾದ ಕತ್ತು, ಕೈಯಲ್ಲಿ ಹಳೆಯ ಟೋಪಿ. ಮ್ಯಾಡಂ ನಮಸ್ಕಾರ, ಚಹಾ ಮುಗಿಸಿ, ರೇಣುಕಾ ಹೇಳುತ್ತಾಳೆ ಎಂದು ಹಿಂದೆ ಸರಿದು ಕೂತುಬಿಟ್ಟರು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು ನಾನು; ಇಂಗ್ಲಿಷನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಬಂದಿದ್ದೆ. ಎಲೆಯ ಪರೀಕ್ಷೆ ಹೇಳಿದೆ. ಬೇರಿನ ಪರೀಕ್ಷೆ ಹೇಳಿದೆ. ಅವರು ಎದ್ದು, ಕುಂಡ ಎಲ್ಲಿವೆ ಎಂದರು.

ಕುಂಡಗಳನ್ನಿಟ್ಟಿದ್ದ, ಸುತ್ತ ಬಲೆ ಕಟ್ಟಿದ ಮನೆಯಲ್ಲಿ ಅವರು ನೆಲದ ಮೇಲೆ ಮೊಣಕಾಲೂರಿ ಕೂತರು. ಒಂದು ಗಿಡವನ್ನು ತಾವೇ ಎತ್ತಿದರು. ಅದು ಸಲೀಸಾಗಿ ಬಂತು. ಬಿಳಿ ಹಾಳೆಯ ಮೇಲೆ ಮಣ್ಣು ಉದುರಿಸಿ, ಮರಿಗಳನ್ನು ಬೆರಳಲ್ಲಿ ಸರಿಸಿ ನೋಡಿದರು. ಮಣ್ಣು ಶುದ್ಧ ಮಾಡಿದ್ದು ಹೇಗೆ ಎಂದು ಕೇಳಿದರು. ಹುರಿದೆ ಎಂದೆ. ಇಮ್ತಿಯಾಜ್ ಬಾಣಲೆಯಲ್ಲಿ ಸೌಟು ತಿರುಗಿಸುವುದನ್ನು ಅಭಿನಯಿಸಿ ತೋರಿಸಿದ. ಅವರು ಜೋರಾಗಿ ನಕ್ಕರು. ನಗು ನಿಂತ ಮೇಲೆ ಮತ್ತೆ ಮರಿಗಳ ಮೇಲೆ ಬಗ್ಗಿದರು. ಈ ಹುಳದ ಮೇಲೆ ಅವರಿಗೂ ಆಸೆ ಇತ್ತು. ನನಗಿಂತ ಹೆಚ್ಚು ವರ್ಷಗಳ ಆಸೆ.

ಆಮೇಲೆ ನಿಧಾನವಾಗಿ ಹೇಳಿದರು. ಇದು ಕುಂಡದೊಳಗೆ ಮಾತ್ರ ನಡೆಯುವ ಮಾತಿರಬಹುದು. 'ನಿನ್ನ ಮರಿಗಳಿಗೆ ಇಲ್ಲಿ ತಿನ್ನಲು ಮತ್ತೊಂದು ಗಿಡದ ಬೇರು ಇರಲಿಲ್ಲ. ಬಯಲಿನಲ್ಲಿ ತಾಯಿ ಜಾಲಿಯ ಬುಡದಲ್ಲೇ ಮೊಟ್ಟೆ ಇಡಬಹುದು, ಮರಿ ಜಾಲಿಯನ್ನೇ ತಿನ್ನಬಹುದು. ಅಲ್ಲಿಗೆ ಬಂದು ಇನ್ನಷ್ಟು ಪರೀಕ್ಷೆ ಮಾಡೋಣವೇ? ನೀನೇನು ಹೇಳುತ್ತೀ?'

ಬಾಗಿಲು ಇನ್ನೂ ತೆರೆದಿದೆ ಎಂದು ಅವರು ಹೇಳುತ್ತಿದ್ದರು. ಒಂದು 'ಹೂಂ' ಸಾಕಾಗಿತ್ತು. ಮ್ಯಾಡಂ ನನ್ನ ಕಡೆ ನೋಡದೆ ಬಲೆಯ ಗಂಟು ನೋಡುತ್ತಿದ್ದರು.

ನನ್ನ ಅಭ್ಯಾಸದ ಇಂಗ್ಲಿಷ್ ಅಲ್ಲಿಗೆ ಮುಗಿದಿತ್ತು. ಉಳಿದದ್ದನ್ನು ನನಗೆ ಬಂದ ಹಾಗೆ ಹೇಳಿದೆ. ನೆಲದ ಮೇಲೆ ಜಾಲಿ ಬೇರೆ, ನಿಮ್ಮ ಮರ ಬೇರೆ ನಿಂತಿರಬಹುದು ಸರ್. ನೆಲದೊಳಗೆ ಬೇರುಗಳು ಬೇಲಿ ಹಾಕಿಕೊಂಡಿರುವುದಿಲ್ಲ. ಕಣ್ಣಿಗೆ ಕಾಣುವ ಎಲೆ ತಿಂದರೆ ನಿಮಗೆ ಗೊತ್ತಾಗುತ್ತದೆ, ಕಾಣದ ಬೇರು ತಿಂದರೆ ಮರ ಬಿದ್ದ ಮೇಲೆ ಗೊತ್ತಾಗುತ್ತದೆ. ಈ ಹುಳ ಬೇಡ. ಕಳಿಸಬೇಡಿ.

ಅವರು ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು. ಕಳಿಸುವುದಿಲ್ಲ ಎಂದರು. ಕೈ ಚಾಚಿ ನನ್ನ ಕೈ ಕುಲುಕಿ, ಥ್ಯಾಂಕ್ ಯೂ, ರೇಣುಕಾ ಎಂದರು. ಇಮ್ತಿಯಾಜ್ ನನ್ನ ಬೆನ್ನ ಹಿಂದೆ ಮೆಲ್ಲಗೆ, ಮುಗೀತಲ್ಲ ತಾಯಿ, ನಿನ್ನ ಕೈಯಾರೆ ಮುಗಿಸಿದೆ ಎಂದ. ಬೈಗುಳದ ಹಾಗೆ ಶುರುವಾದ ಮಾತು ಹಾಗೆ ಮುಗಿಯಲಿಲ್ಲ.

ಮಾರ್ಚಿಗೆ ಯೋಜನೆ ಮುಗಿಯಿತು. ನಾನು ಆಸ್ಟ್ರೇಲಿಯಾ ನೋಡಿಲ್ಲ. ಡಾಕ್ಟರೇಟ್ ಮಾಡಿದ್ದು ಆಮೇಲೆ, ನಮ್ಮದೇ ಕಡೆಯ ವಿಶ್ವವಿದ್ಯಾಲಯದಲ್ಲಿ, ಬೇರು ತಿನ್ನುವ ಹುಳಗಳ ಮೇಲೆಯೇ. ಆದರೆ ಮ್ಯಾಡಂ ನಿವೃತ್ತರಾಗುವ ಮೊದಲು ಆ ಪ್ರಯೋಗಾಲಯದ ಕ್ರಮವನ್ನೇ ಬದಲಿಸಿ ಹೋದರು: ಮೂತಿ ಹುಳು ಯಾವುದೇ ಇರಲಿ, ಮೊದಲು ಬೇರು, ಆಮೇಲೆ ಎಲೆ. ಅಲ್ಲಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಇವತ್ತಿಗೂ ಹಾಗೇ ಮಾಡುತ್ತಾರಂತೆ. ಯಾಕೆ ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತಿದೆ, ಅಷ್ಟು ಸಾಕು.

ಕೆವಿನ್ ಹೋದ ಮಧ್ಯಾಹ್ನ ಸಾಕಿದ ಹುಳುಗಳ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಗುಡ್ಡಕ್ಕೆ ಹೋದೆ. ಪರದೇಶದಲ್ಲಾಗಿದ್ದರೆ ಅವನ್ನು ಕೊಂದು ಸುಡಬೇಕಾಗುತ್ತಿತ್ತು. ಇಲ್ಲಿ ಹಾಗೇನಿಲ್ಲ, ಅವು ಇಲ್ಲಿಯವೇ. ಕರಿಜಾಲಿಯ ಕೆಳಗೆ ಮುಚ್ಚಳ ತೆಗೆದು ಕೊಂಬೆಗೆ ಸುರಿದೆ. ಸತ್ತಂತೆ ಬಿದ್ದಿದ್ದು, ಆಮೇಲೆ ಒಂದೊಂದೇ ಎದ್ದು ಚಿಗುರಿನತ್ತ ನಡೆದವು. ಅಲ್ಲಿಂದಲೇ ಅಪ್ಪನಿಗೆ ಫೋನ್ ಹಚ್ಚಿದೆ. ಆ ಕಡೆ ಕಟ್ಟಿಗೆ ಕೆತ್ತುವ ಬಾಚಿಯ ಸದ್ದು ಕೇಳುತ್ತಿತ್ತು.

"ಯಾವಾಗ ವಿಮಾನ?" ಎಂದ.

"ಹೋಗಾಂಗಿಲ್ಲಪ್ಪ. ಆ ಹುಳಾ ಬ್ಯಾಡ ಅಂದೆ."

"ಯಾರಿಗೆ?"

"ಆ ದೊಡ್ಡ ಸಾಹೇಬ್ರಿಗೆ."

ಬಾಚಿಯ ಸದ್ದು ನಿಂತಿತು. "ಎದುರಿಗೆ ನಿಂತು?"

"ಎದುರಿಗೆ ನಿಂತು."

"ಅವನೇನಂದ?"

"ನೀ ಹೇಳಿದ್ದು ಖರೆ ಅಂದ. ಕೈ ಕೊಟ್ಟ. ಥ್ಯಾಂಕ್ಸ್ ಅಂದ."

ಆ ಕಡೆ ಅಪ್ಪ ಎದ್ದ ಸದ್ದು, ಯಾರಿಗೋ ಸುಮ್ಮನಿರಲು ಹೇಳಿದ ಸದ್ದು. ಅವನ ಚೈನಾ ಮೊಬೈಲಿನ ಸ್ಪೀಕರ್ ಗರ್ ಎಂದು ಬಾಯಿ ಬಿಟ್ಟಿತು.

"ಈಗ ಮೊದಲಿಂದ ಹೇಳು," ಎಂದ ಅಪ್ಪ. "ಸಾವಕಾಶ ಹೇಳು. ಗಾಲಿ ಮಾಡಸಾಕ ಬಂದಾರ, ಧಣ್ಯಾರೂ ಇಲ್ಲೇ ಕುಂತಾರ. ಅವರೂ ಕೇಳಲಿ."

ನಾನು ಗಂಟಲು ಸರಿಮಾಡಿಕೊಂಡು ಮೊದಲಿಂದ ಹೇಳಿದೆ.